‘ಇದನ್ನ ನಾನು ಬಿಡಿಸಲ್ಲ ಸಾರ್’: ಡ್ರಾಯಿಂಗ್ ಮೇಷ್ಟ್ರಿಗೆ ಕೆಲವು ಸೂತ್ರಗಳು

ಚೌತಿ ಹತ್ತಿರ ಬಂತೆಂದರೆ ನಮ್ಮ ಬಹಳಷ್ಟು ಶಾಲೆಗಳ ಕಪ್ಪು ಹಲಗೆಯ ಮೇಲೆ ಒಂದು ಸೊಂಡಿಲು ಮೂಡುತ್ತದೆ. ನವೆಂಬರಿನಲ್ಲಿ ತಾಯಿ ಭುವನೇಶ್ವರಿ, ಡಿಸೆಂಬರಿನಲ್ಲಿ ಗೋದಲಿ, ಜನವರಿಯಲ್ಲಿ ಕಿಚ್ಚು ಹಾಯುವ ಎತ್ತು. ಡ್ರಾಯಿಂಗ್ ಮೇಷ್ಟ್ರ ವರ್ಷ ಉರುಳುವುದೇ ಹಬ್ಬದ ಕ್ಯಾಲೆಂಡರಿನ ಮೇಲೆ. ನಡುವೆ ಒಂದು ದಿನ ಮೂರನೆಯ ಬೆಂಚಿನಿಂದ ಸಣ್ಣ ದನಿಯೊಂದು ಬರುತ್ತದೆ: ‘ಸಾರ್, ಇದನ್ನ ನಾನು ಬಿಡಿಸಲ್ಲ. ಮನೇಲಿ ಬೇಡ ಅಂದಿದಾರೆ.’ ಅದಕ್ಕೆ ಏನು ಹೇಳಬೇಕೆಂದು ತರಬೇತಿಯಲ್ಲಿ ಯಾರೂ ಕಲಿಸಿರುವುದಿಲ್ಲ. ಸ್ಟಾಫ್‌ರೂಮಿನಲ್ಲಿ ಕೇಳಿದರೆ ಎರಡೇ ಸಲಹೆ: ‘ಬಿಟ್ಟುಬಿಡಿ ಸಾರ್, ನಮಗ್ಯಾಕೆ’ ಅಥವಾ ‘ಬಿಡಿಸ್ಲೇಬೇಕು ಅನ್ನಿ, ಇಲ್ಲಾಂದ್ರೆ ನಾಳೆ ಎಲ್ರೂ ಶುರು ಮಾಡ್ತಾರೆ.’ ಎರಡೂ ಕೆಲಸಕ್ಕೆ ಬಾರವು.

ಮಗು ತಕರಾರು ಎತ್ತುವುದು ಹೆಚ್ಚಿನ ಸಲ ನಿಮ್ಮ ಪಾಠದ ಮೇಲಲ್ಲ, ಪಾಠಕ್ಕೆಂದು ನೀವು ಆರಿಸಿದ ವಸ್ತುವಿನ ಮೇಲೆ. ವಸ್ತು ಬದಲಿಸಿ, ಪಾಠ ಬಿಡಬೇಡಿ. ಇಷ್ಟು ಹಿಡಿದುಕೊಂಡರೆ ಮುಂದಿನದೆಲ್ಲ ಸಲೀಸು.

1. ‘ಯಾಕೆ ಬೇಡ’ ಅಲ್ಲ, ‘ಏನು ಬೇಡ’ ಕೇಳಿ

ಹಲಗೆಯ ಬಳಿ ನಿಂತೇ ‘ಯಾಕೋ?’ ಎಂದು ಗದರಿದರೆ ಇಡೀ ತರಗತಿ ಕತ್ತು ತಿರುಗಿಸುತ್ತದೆ. ಅಲ್ಲಿಗೆ ಅದು ಚಿತ್ರದ ವಿಷಯವಾಗಿ ಉಳಿಯುವುದಿಲ್ಲ. ಸುತ್ತು ಹಾಕುವ ನೆಪದಲ್ಲಿ ಬೆಂಚಿನ ಪಕ್ಕಕ್ಕೆ ಹೋಗಿ ಮೆತ್ತಗೆ ಕೇಳಿ: ‘ಯಾವುದು ಬೇಡ ಪುಟ್ಟ? ದೇವರಾ, ಪ್ರಾಣೀನಾ, ಮುಖಾನಾ?’

ಒಂದೊಂದು ಮಗುವಿನ ಉತ್ತರ ಒಂದೊಂದು. ಒಬ್ಬನಿಗೆ ಗಣಪತಿ ಬೇಡ, ಆನೆಗೆ ಅಡ್ಡಿಯಿಲ್ಲ. ಇನ್ನೊಬ್ಬಳ ಮನೆಯಲ್ಲಿ ಜೀವವಿರುವ ಪ್ರಾಣಿ, ಮನುಷ್ಯ ಯಾವುದನ್ನೂ ಬಿಡಿಸುವಂತಿಲ್ಲ. ಮರ, ಮನೆ, ಬೆಟ್ಟ, ಬಸ್ಸು ಸರಿ. ಮತ್ತೊಂದು ಮನೆಯಲ್ಲಿ ಮನುಷ್ಯನ ಆಕಾರ ನಡೆಯುತ್ತದೆ, ಕಣ್ಣು ಮೂಗು ಮಾತ್ರ ಕೂಡದು. ಯೆಹೋವನ ಸಾಕ್ಷಿಗಳ ಮನೆಯ ಮಗು ಗಣಪತಿಯನ್ನಷ್ಟೇ ಅಲ್ಲ, ಕ್ರಿಸ್‌ಮಸ್ ಕಾರ್ಡನ್ನೂ ಹುಟ್ಟುಹಬ್ಬದ ಕಾರ್ಡನ್ನೂ ಮಾಡುವುದಿಲ್ಲ. ಜೈನರ ಹುಡುಗಿ ಏನು ಬೇಕಾದರೂ ಬಿಡಿಸಿಯಾಳು, ಬಣ್ಣಕ್ಕೆ ಮೊಟ್ಟೆ ಬೆರೆಸಿದ್ದರೆ ಮುಟ್ಟಲಾರಳು. ಏನು ಬೇಡ ಎಂಬುದು ಖಚಿತವಾದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಯಾಕೆ ಬೇಡ ಎಂಬುದಕ್ಕೆ ಎಂಟನೇ ಕ್ಲಾಸಿನ ಮಗುವಿನ ಬಳಿ ಉತ್ತರ ಇರಬೇಕೆಂದೇನೂ ಇಲ್ಲ. ದೊಡ್ಡವರ ಬಳಿಯೂ ಎಷ್ಟೋ ಸಲ ಇರುವುದಿಲ್ಲ.

2. ಹಾಜರಿ ಪುಸ್ತಕ ನೋಡಿ ಊಹಿಸಬೇಡಿ

‘ಏಯ್, ನೀವು ಮೂರು ಜನ ಬೇರೆ ಏನಾದ್ರೂ ಬಿಡಿಸ್ಕೊಳ್ಳಿ’ ಎಂದು ಹೆಸರು ನೋಡಿಯೇ ಬೇರ್ಪಡಿಸುವ ಮೇಷ್ಟ್ರಿದ್ದಾರೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಆ ಮೂವರಲ್ಲೊಬ್ಬ ಗಣಪತಿ ಬಿಡಿಸುವುದರಲ್ಲಿ ತರಗತಿಗೇ ಎತ್ತಿದ ಕೈ ಆಗಿದ್ದರೆ? ಕ್ಯಾಥೊಲಿಕ್ ಮನೆಯ ಗೋಡೆಯಲ್ಲಿ ಮೇರಿಯಮ್ಮನ ಪಟ ಇರುತ್ತದೆ, ಪೆಂಟೆಕೋಸ್ಟಲ್ ಮನೆಯಲ್ಲಿ ಅದೂ ಇರುವುದಿಲ್ಲ. ಹೆಸರು ಮಾತ್ರ ಎರಡೂ ಕಡೆ ಜಾನ್. ಇಷ್ಟಲಿಂಗದ ಹೊರತು ಬೇರೆ ಮೂರ್ತಿಗೆ ಕೈಮುಗಿಯದ ಮನೆಗಳು ನಮ್ಮಲ್ಲೇ ಇವೆ. ಆಕ್ಷೇಪ ಮಗುವಿನ ಬಾಯಿಂದ ಬರಲಿ, ನಿಮ್ಮ ಊಹೆಯಿಂದ ಬೇಡ.

3. ಪಾಠವನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ, ಅದರಲ್ಲಿ ದೇವರ ಹೆಸರು ಬರಬಾರದು

‘ಇವತ್ತಿನ ಪಾಠ ಗಣಪತಿ’ ಎಂದು ಟೀಚಿಂಗ್ ಡೈರಿಯಲ್ಲಿ ಬರೆದರೆ ನಿಮ್ಮ ಕೈಯನ್ನು ನೀವೇ ಕಟ್ಟಿಕೊಂಡಂತೆ. ಗಣಪತಿಯಿಂದ ನೀವು ಕಲಿಸುವುದೇನು? ಒಂದೇ ಗೆರೆಯಲ್ಲಿ, ಕೈ ಎತ್ತದೆ, ದಪ್ಪದಿಂದ ಸಪೂರಕ್ಕೆ ಹೋಗುವ ತಿರುವು. ಮೊರದಗಲ ಕಿವಿ ಎಡಕ್ಕೂ ಬಲಕ್ಕೂ ಸಮ ಬರುವುದು. ದುಂಡು ಹೊಟ್ಟೆಗೆ ನೆರಳು ಕೊಟ್ಟು ಹಾಳೆಯಿಂದ ಎದ್ದು ಕಾಣುವಂತೆ ಮಾಡುವುದು. ಡೈರಿಯಲ್ಲಿ ಬರೆಯಬೇಕಾದ್ದು ಇದನ್ನು: ‘ತಿರುವು ಗೆರೆ, ಸಮ್ಮಿತಿ, ದುಂಡಿಗೆ ನೆರಳು.’

ಹೀಗೆ ಬರೆದ ಕೂಡಲೇ ವಸ್ತುಗಳು ತಾವಾಗಿ ಸಾಲುಗಟ್ಟುತ್ತವೆ. ಸೊಂಡಿಲಿನ ತಿರುವು ಕುಂಬಳಬಳ್ಳಿಯ ಕುಡಿಯಲ್ಲಿದೆ, ಚಹಾ ಕೆಟಲಿನ ಮೂತಿಯಲ್ಲಿದೆ, ಹೂಜಿಯ ಕೊರಳಲ್ಲಿದೆ. ಹೊಟ್ಟೆಯ ದುಂಡು ಮಣ್ಣಿನ ಮಡಕೆಯಲ್ಲಿದೆ. ಹೂಜಿಯೊಂದನ್ನು ಮೇಜಿನ ಮೇಲಿಟ್ಟು ಕಿಟಕಿಯ ಬೆಳಕು ಒಂದೇ ಪಕ್ಕದಿಂದ ಬೀಳುವಂತೆ ಮಾಡಿದರೆ ಮೂರೂ ಪಾಠ ಅದರಲ್ಲೇ ಆಗುತ್ತದೆ. ಕ್ಯಾಲೆಂಡರ್ ನೋಡಿ ಗಣಪತಿ ನಕಲು ಮಾಡುವುದಕ್ಕಿಂತ ಇದು ಕಷ್ಟವೂ ಹೌದು.

ರಾಜ್ಯೋತ್ಸವದ್ದು ಸೂಕ್ಷ್ಮ ಸಂಗತಿ. ಭುವನೇಶ್ವರಿ ನಾಡಿನ ತಾಯಿ, ಹಾಗಾಗಿ ಯಾರಿಗೂ ತಕರಾರು ಇರಲಾರದು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಕಿರೀಟ, ಪ್ರಭಾವಳಿ, ಅಭಯಹಸ್ತ ಇರುವ ರೂಪ ಮಗುವಿನ ಕಣ್ಣಿಗೆ ದೇವಿಯೇ. ಬಿಡಿಸಲೊಲ್ಲೆ ಎಂದವನು ನಾಡಿಗೆ ಬೆನ್ನು ಹಾಕಿದ ಎಂದು ಯಾರೂ ಹಣೆಪಟ್ಟಿ ಹಚ್ಚದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಅರಿಶಿನ ಕುಂಕುಮ ಬಣ್ಣದ ಬಾವುಟ, ರಾಜ್ಯದ ನಕಾಶೆ, ಗಂಧದ ಮರ, ಜೋಗದ ನಾಲ್ಕು ಧಾರೆ, ಬಾದಾಮಿಯ ಕೆಂಪು ಬಂಡೆ: ಕನ್ನಡ ನಾಡಿಗೆ ಗುರುತುಗಳ ಬರ ಇಲ್ಲ.

4. ಬದಲಿ ಕೆಲಸ ಶಿಕ್ಷೆಯೂ ಆಗಬಾರದು, ರಿಯಾಯಿತಿಯೂ ಆಗಬಾರದು

ಹೆಚ್ಚಿನವರು ಎಡವುವುದು ಇಲ್ಲೇ. ‘ಸರಿ, ನೀನೊಂದು ಬಾಳೆಹಣ್ಣು ಬಿಡಿಸು’ ಎಂದರೆ ಉಳಿದ ಮಕ್ಕಳು ನಗುತ್ತಾರೆ, ಅವನು ಐದು ನಿಮಿಷದಲ್ಲಿ ಮುಗಿಸಿ ಕಿಟಕಿ ನೋಡುತ್ತ ಕೂರುತ್ತಾನೆ. ಮುಂದಿನ ವಾರ ಪಕ್ಕದವನಿಗೂ ಬಾಳೆಹಣ್ಣಿನ ಧರ್ಮಶ್ರದ್ಧೆ ಹುಟ್ಟುತ್ತದೆ. ಬದಲಿ ಕೆಲಸಕ್ಕೆ ಅಷ್ಟೇ ಹೊತ್ತು ಹಿಡಿಯಬೇಕು, ಅಷ್ಟೇ ಬೆವರಿಳಿಸಬೇಕು, ಕೊನೆಗೆ ಹಾಳೆ ನೋಡಿ ಪಕ್ಕದವರು ‘ನಂಗೂ ಇದು ಬೇಕಿತ್ತು’ ಎನ್ನಬೇಕು.

ಒಂದು ಉದಾಹರಣೆ ವಿವರವಾಗಿ. ಕಂಪಾಸಿನಲ್ಲಿ ಒಂದು ವೃತ್ತ ಎಳೆಸಿ. ಕೇಂದ್ರದ ಮೂಲಕ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ. ನಡುವಿನ ನಾಲ್ಕು ಕೋನಗಳನ್ನು ಕಂಪಾಸಿನಿಂದಲೇ ಅರ್ಧ ಮಾಡಿಸಿ. ಕೋನಮಾಪಕ ಜಾಮಿಟ್ರಿ ಬಾಕ್ಸಿನೊಳಗೇ ಇರಲಿ. ವೃತ್ತದ ಮೇಲೆ ಎಂಟು ಬಿಂದುಗಳಾದವು. ಒಂದು ಬಿಟ್ಟು ಒಂದು ಬಿಂದು ಸೇರಿಸುತ್ತ ಹೋದರೆ ಮೊದಲ ಸುತ್ತಿಗೊಂದು ಚೌಕ, ಎರಡನೆಯ ಸುತ್ತಿಗೆ ಓರೆಯಾದ ಇನ್ನೊಂದು ಚೌಕ. ಎರಡೂ ಒಂದರ ಮೇಲೊಂದು ಕೂತಾಗ ಎಂಟು ಮೊನೆಯ ನಕ್ಷತ್ರ. ಇಂಥ ನಕ್ಷತ್ರಗಳನ್ನು ಮೊನೆಗೆ ಮೊನೆ ತಾಗುವಂತೆ ಜೋಡಿಸಿದರೆ ನಡುವೆ ಯಾರೂ ಎಳೆಯದ ಶಿಲುಬೆಯಾಕಾರದ ಖಾಲಿ ಜಾಗ ತಾನಾಗಿ ಮೂಡುತ್ತದೆ. ಗೆರೆ ಅರ್ಧ ಮಿಲಿಮೀಟರ್ ಜಾರಿದರೂ ನಾಲ್ಕನೆಯ ನಕ್ಷತ್ರದ ಹೊತ್ತಿಗೆ ಬಣ್ಣ ಬಯಲಾಗುತ್ತದೆ. ಎರಡು ಪೀರಿಯಡ್ ಬೇಕೇ ಬೇಕು. ಪೆನ್ಸಿಲ್ ಚೂಪಾಗಿರಬೇಕು, ಕಂಪಾಸಿನ ತಿರುಪು ಬಿಗಿಯಾಗಿರಬೇಕು. ಸಡಿಲ ಕಂಪಾಸು ತಂದವನು ಮೂರನೆಯ ವೃತ್ತಕ್ಕೇ ಕೈ ಚೆಲ್ಲುತ್ತಾನೆ.

ಇಸ್ಲಾಮಿ ವಾಸ್ತುವಿನ ಜಾಲಿಗಳಲ್ಲಿ, ಹಂಚುಗಳಲ್ಲಿ ಈ ನಕ್ಷತ್ರ ಅಡಿಗಡಿಗೆ ಸಿಗುತ್ತದೆ. ಚೌಕವನ್ನು ಕೇಂದ್ರದ ಸುತ್ತ ತಿರುಗಿಸುತ್ತ ಹೋಗುವ ಇದೇ ಲೆಕ್ಕಾಚಾರದ ಮೇಲೆ ಹೊಯ್ಸಳ ಶಿಲ್ಪಿಗಳು ಸೋಮನಾಥಪುರದ ಕೇಶವ ದೇವಾಲಯದ ನಕ್ಷತ್ರಾಕಾರದ ತಳವಿನ್ಯಾಸ ಹಾಕಿದರು. ಈ ಮಾತನ್ನು ಆ ಒಬ್ಬ ಹುಡುಗನಿಗಲ್ಲ, ಇಡೀ ತರಗತಿಗೆ ಹೇಳಿ.

ಬೀದರಿನ ಬಿದರಿ ಹೂಜಿಯ ಮೇಲಿನ ಹೂಬಳ್ಳಿ ಇನ್ನೊಂದು ಒಳ್ಳೆಯ ಬದಲಿ. ಕಪ್ಪು ಕಾಗದದ ಮೇಲೆ ಬಿಳಿ ಬಣ್ಣ ಅಥವಾ ಸಿಲ್ವರ್ ಜೆಲ್ ಪೆನ್ನು ಸಾಕು. ದೊಡ್ಡ ಮಕ್ಕಳಾದರೆ ನಸ್ರೀನ್ ಮೊಹಮದಿಯ ಗೆರೆಗಳನ್ನು ತೋರಿಸಿ. ಬರೋಡಾದಲ್ಲಿ ಪಾಠ ಹೇಳುತ್ತಿದ್ದ, 1990ರಲ್ಲಿ ತೀರಿಕೊಂಡ ಈ ಕಲಾವಿದೆ ಬರೀ ಇಂಕು, ಪೆನ್ಸಿಲ್ ಹಿಡಿದು ಆಕಾರವೇ ಇಲ್ಲದ ಲೋಕ ಕಟ್ಟಿದರು. ಬಣ್ಣವೇ ಬೇಕೆನ್ನುವವರಿಗೆ ನಮ್ಮ ರುಮಾಲೆ ಚನ್ನಬಸವಯ್ಯನವರ ಹೂಬಿಟ್ಟ ಬೆಂಗಳೂರಿನ ಮರಗಳಿವೆ.

5. ಒಬ್ಬನಿಗೆ ಬದಲಿ ಕೊಡುವ ಬದಲು ಎಲ್ಲರಿಗೂ ಮೂರು ಆಯ್ಕೆ ಕೊಡಿ

ಹಲಗೆಯ ಮೇಲೆ ಬರೆಯಿರಿ: ಗಣಪತಿ, ಹೂಜಿ, ಕುಂಬಳಬಳ್ಳಿ. ಯಾವುದಾದರೂ ಒಂದು. ಯಾರು ಯಾಕೆ ಹೂಜಿ ಆರಿಸಿದರು ಎಂದು ಯಾರಿಗೂ ಲೆಕ್ಕ ಸಿಗದು. ಸೊಂಡಿಲು ಬರದವರೂ ಹೂಜಿಯನ್ನೇ ಹಿಡಿಯುತ್ತಾರೆ. ನಮ್ಮ ಪ್ರತಿಭಾ ಕಾರಂಜಿಯನ್ನೇ ನೋಡಿ. ಒಂದು ಕೊಠಡಿಯಲ್ಲಿ ಸಂಸ್ಕೃತ ಪಠಣ, ಪಕ್ಕದಲ್ಲಿ ಅರೇಬಿಕ್ ಪಠಣ, ಅಂಗಳದಲ್ಲಿ ರಂಗೋಲಿ, ಜಗಲಿಯಲ್ಲಿ ಜೇಡಿಮಣ್ಣು. ಆರಿಸಿಕೊಳ್ಳುವ ಹಕ್ಕು ಮಗುವಿನದು, ಹಾಗಾಗಿ ಜಗಳವಿಲ್ಲ.

6. ಶಾಸ್ತ್ರಾರ್ಥಕ್ಕೆ ಇಳಿಯಬೇಡಿ

ಓದಿಕೊಂಡ ಮೇಷ್ಟ್ರಿಗೆ ಇದು ದೊಡ್ಡ ಚಪಲ. ‘ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ನೋಡಿಲ್ವಾ? ಗೋಡೆ ತುಂಬ ಮನುಷ್ಯರು, ಕುದುರೆ, ಆನೆ, ಪೊಳ್ಳಿಲೂರಿನ ಯುದ್ಧ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ಕಿತಾಬ್-ಎ-ನೌರಸ್‌ನಲ್ಲಿ ಸರಸ್ವತೀನೇ ಸ್ತುತಿಸಿದ. ನಿನಗೇನು ಕಷ್ಟ?’ ಮಾಹಿತಿ ಎಲ್ಲ ನಿಜ. ಇತಿಹಾಸದ ಪೀರಿಯಡ್ಡಿನಲ್ಲಿ ಬಲು ಚೆಂದ. ಹದಿಮೂರು ವರ್ಷದ ಹುಡುಗನ ಮುಖದ ಮುಂದೆ ಹಿಡಿದರೆ ಅದು ‘ನಿನ್ನ ಧರ್ಮ ನಿನಗಿಂತ ನನಗೆ ಚೆನ್ನಾಗಿ ಗೊತ್ತು’ ಎಂದಂತೆ. ಅವನು ಮನೆಯ ಮಾತು ಮೀರಬೇಕು, ಇಲ್ಲವೇ ನಿಮ್ಮ ಮಾತು ಮೀರಬೇಕು. ಆ ಇಕ್ಕಟ್ಟಿಗೆ ಮಗುವನ್ನು ನೂಕುವುದು ಯಾಕೆ?

ನಮ್ಮ ಸುಪ್ರೀಂ ಕೋರ್ಟೇ ಇದಕ್ಕೊಂದು ದಾರಿ ಹಾಕಿಕೊಟ್ಟಿದೆ. 1985ರಲ್ಲಿ ಕೇರಳದ ಒಂದು ಶಾಲೆ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಯ ಹೊತ್ತಿಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಬಿಜೋ ಇಮ್ಯಾನ್ಯುಯಲ್ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಆ ನಂಬಿಕೆ ನ್ಯಾಯಾಧೀಶರಿಗೆ ಸರಿ ಕಾಣುತ್ತದೆಯೇ ಎಂಬುದನ್ನು ಪೀಠ ಮುಖ್ಯವೆಂದುಕೊಳ್ಳಲಿಲ್ಲ. ಮಕ್ಕಳು ಅದನ್ನು ಮನಸ್ಸಾರೆ ನಂಬಿದ್ದಾರೆಯೇ ಎಂದು ನೋಡಿತು. ಡ್ರಾಯಿಂಗ್ ಕೋಣೆಗೂ ಅಷ್ಟೇ ಸಾಕು.

7. ತಾನು ಬಿಡಿಸದಿರುವುದು ಬೇರೆ, ನೋಡದಿರುವುದು ಬೇರೆ, ಬೇರೆಯವರನ್ನು ತಡೆಯುವುದು ಬೇರೆ

ಮೊದಲನೆಯದಕ್ಕೆ ಧಾರಾಳವಾಗಿರಿ. ‘ನನ್ನ ಕೈಯಿಂದ ಬೇಡ’ ಎಂದ ಮಗುವಿನ ಕೈಯನ್ನು ಯಾರೂ ಹಿಡಿದು ಬಿಡಿಸಲಾಗದು.

ಎರಡನೆಯದಕ್ಕೆ ಸ್ವಲ್ಪ ಬಿಗಿ ಬೇಕು. ಅಜಂತಾದ ಪದ್ಮಪಾಣಿಯನ್ನು, ಬೇಲೂರಿನ ಮದನಿಕೆಯನ್ನು, ಮೈಕೆಲೇಂಜೆಲೋನ ಪಿಯೆತಾವನ್ನು ನೋಡದೆ ಕಲೆಯ ಚರಿತ್ರೆ ತಿಳಿಯುವುದಿಲ್ಲ. ಪುಸ್ತಕದಲ್ಲಿರುವ ಚಿತ್ರ ನೋಡಿ ಇದು ಯಾವ ಕಾಲದ್ದು, ಯಾವ ಕಲ್ಲಿನದು ಎಂದು ಹೇಳುವುದು ಪೂಜೆಯಲ್ಲ. ಮನೆಯವರಿಗೆ ಇದನ್ನು ಬಿಡಿಸಿ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕಷ್ಟವಾಗುವಂಥ ಚಿತ್ರವಿದ್ದರೆ ಮುಂಚಿತವಾಗಿ ತಿಳಿಸಿ.

ಮುಂಚಿತವಾಗಿ ತಿಳಿಸಿದರೂ ತಾಪತ್ರಯ ತಪ್ಪದಿರಬಹುದು. 2022ರ ಅಕ್ಟೋಬರಿನಲ್ಲಿ ಅಮೆರಿಕದ ಮಿನೆಸೋಟಾದ ಹ್ಯಾಮ್ಲಿನ್ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸದ ಅಧ್ಯಾಪಕಿಯೊಬ್ಬರು 14ನೆಯ ಶತಮಾನದ ಪರ್ಶಿಯನ್ ಹಸ್ತಪ್ರತಿಯಿಂದ ಪ್ರವಾದಿಯವರ ಚಿತ್ರವೊಂದನ್ನು ತೋರಿಸಿದರು. ಪಠ್ಯಕ್ರಮದಲ್ಲೇ ಮೊದಲು ತಿಳಿಸಿದ್ದರು, ತೋರಿಸುವ ಮುನ್ನವೂ ಹೇಳಿದ್ದರು. ಆದರೂ ವಿದ್ಯಾರ್ಥಿನಿಯೊಬ್ಬಳ ದೂರಿನ ಬಳಿಕ ಅವರಿಗೆ ಮುಂದಿನ ಅವಧಿಗೆ ಪಾಠ ಕೊಡಲಿಲ್ಲ. ಅಲ್ಲಿನ ಮುಸ್ಲಿಂ ಸಂಘಟನೆಯೊಂದು ಕೂಡ ಅಧ್ಯಾಪಕಿಯ ಪರ ನಿಂತಿತು. 2023ರ ಜನವರಿಯಲ್ಲಿ ವಿಶ್ವವಿದ್ಯಾಲಯ ಈ ಪಾಠದ ಬಗ್ಗೆ ತಾನು ಬಳಸಿದ್ದ ‘ಇಸ್ಲಾಮೋಫೋಬಿಯಾ’ ಎಂಬ ಮಾತನ್ನು ಹಿಂದೆ ತೆಗೆದುಕೊಂಡಿತು. ನಮ್ಮ ಹೈಸ್ಕೂಲಿನಲ್ಲಿ ಅಂಥ ಚಿತ್ರ ತೋರಿಸುವ ಪ್ರಮೇಯವೇ ಬರದು. ನನಗೆ ಇಲ್ಲಿ ಕಾಣುವುದು ಇಷ್ಟು: ಅಧ್ಯಾಪಕಿ ಮಾಡಿದ್ದು ಸರಿಯಿತ್ತು, ಮೇಲಿನವರು ಕೂತು ಮಾತಾಡುವ ಮೊದಲೇ ತೀರ್ಪು ಕೊಟ್ಟರು.

ಮೂರನೆಯದಕ್ಕೆ ಜಗ್ಗಬೇಡಿ. ‘ಅವಳೂ ಬಿಡಿಸಬಾರದು ಸಾರ್’ ಎಂದರೆ ಉತ್ತರ ಒಂದೇ: ‘ನಿನ್ನ ಹಾಳೆ ನಿನ್ನದು, ಅವಳ ಹಾಳೆ ಅವಳದು.’ ಇದು ಎಲ್ಲ ದಿಕ್ಕಿಗೂ ಅನ್ವಯ. ಮುಸ್ಲಿಂ ಹುಡುಗಿ ಸರಸ್ವತಿಯ ವೀಣೆ ಬಿಡಿಸಿದ್ದಕ್ಕೆ ಅತ್ತ ಕಡೆಯಿಂದಲೋ ಇತ್ತ ಕಡೆಯಿಂದಲೋ ಗೊಣಗಾಟ ಎದ್ದರೂ ಇದೇ ಉತ್ತರ.

8. ಚಿತ್ರಕ್ಕೆ ಕೈಮುಗಿಸಬೇಡಿ

ಮಣ್ಣಿನ ಗಣಪತಿ ಮಾಡುವ ಶಿಬಿರ ಈಗ ಊರೂರಲ್ಲೂ ನಡೆಯುತ್ತದೆ; ಕೆರೆಗೆ ಪಿಒಪಿ ಬೀಳದಿರಲಿ ಎಂಬ ಒಳ್ಳೆಯ ಕಾಳಜಿ. ಮಣ್ಣು ಹದ ಮಾಡುವುದು, ಕೈಕಾಲು ಅಂಟಿಸುವ ಕಡೆ ಗೀರು ಹಾಕಿ ತೆಳು ಮಣ್ಣು ಸವರುವುದು, ಬಿರುಕು ಬಿಡದಂತೆ ನೆರಳಲ್ಲಿ ಒಣಗಿಸುವುದು, ಇದೆಲ್ಲ ಕರಕುಶಲ. ಕೊನೆಗೆ ‘ಎಲ್ಲರೂ ನಿಂತು ಮಂಗಳಾರತಿ’ ಎಂದಿರೋ, ಅಲ್ಲಿಂದ ಅದು ಪೂಜೆ. ಸಂವಿಧಾನದ 28ನೆಯ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲೂ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಪೂಜೆಗೆ ಹಾಜರಾಗಿಸುವಂತಿಲ್ಲ. ಮಣ್ಣಿಗೆ ಬರುತ್ತೇನೆ, ಆರತಿಗೆ ಬರುವುದಿಲ್ಲ ಎನ್ನುವ ಮಗು ತಪ್ಪು ಮಾತಾಡುತ್ತಿಲ್ಲ.

9. ಬ್ರಷ್ಷು, ಗೋಂದು, ಚರ್ಮ: ಸಾಮಾನಿನ ಪಟ್ಟಿ ಒಮ್ಮೆ ನೋಡಿ

ಆಕ್ಷೇಪ ಎಂದ ಕೂಡಲೇ ನಾವು ಚಿತ್ರದ ವಸ್ತುವನ್ನೇ ನೋಡುತ್ತೇವೆ, ಡಬ್ಬಿಯೊಳಗೆ ನೋಡುವುದಿಲ್ಲ. ಆಯಿಲ್ ಪೇಂಟಿಂಗಿನ ‘ಹಾಗ್ ಹೇರ್’ ಬ್ರಷ್ಷು ಹಂದಿಯ ಕೂದಲಿನದು. ಎಷ್ಟೋ ಮನೆಗಳಿಗೆ ಅದು ಒಗ್ಗದು. ಮುಂಗುಸಿ ಕೂದಲಿನ ಬ್ರಷ್ಷನ್ನಂತೂ ಮಾರುವುದೇ ವನ್ಯಜೀವಿ ಕಾಯ್ದೆಯಡಿ ಅಪರಾಧ, ಅಲ್ಲಿ ಧರ್ಮದ ಮಾತೇ ಬೇಡ. ‘ಸಿಂಥೆಟಿಕ್’ ಎಂದು ಬರೆದದ್ದನ್ನೇ ಎಲ್ಲರಿಗೂ ತರಿಸಿ. ಎಗ್ ಟೆಂಪೆರಾ ತೋರಿಸಬೇಕಿದ್ದರೆ ಬಣ್ಣದ ಪುಡಿಯನ್ನು ಗೋಂದಿನಲ್ಲಿ ಕಲಸುವ ದಾರಿಯನ್ನೂ ತೋರಿಸಿ. ತೊಗಲುಗೊಂಬೆಗೆ ಚರ್ಮ ಮುಟ್ಟಲೊಲ್ಲದವರು ಕಾರ್ಡ್‌ಶೀಟಿಗೆ ಎಣ್ಣೆ ಸವರಿ ಒಣಗಿಸಿಕೊಳ್ಳಲಿ. ದೀಪದ ಮುಂದೆ ಹಿಡಿದರೆ ಬೆಳಕು ಹಾಯುತ್ತದೆ. ರಂಜಾನ್ ಉಪವಾಸದ ತಿಂಗಳಲ್ಲಿ ಸ್ಟ್ರಾದಿಂದ ಬಣ್ಣ ಊದುವ ಪಾಠ ಇಟ್ಟುಕೊಳ್ಳಬೇಡಿ.

10. ಕತ್ತರಿ, ಕಾಲು, ಕಸದ ಬುಟ್ಟಿ

ಕೊಲಾಜ್ ಮಾಡಲು ಹಳೆಯ ಮದುವೆ ಕಾಗದ ತನ್ನಿ ಎನ್ನುತ್ತೀರಿ. ಮಗು ತರುತ್ತದೆ. ಹೊಳೆಯುವ ಕೆಂಪು ಕಾಗದ, ನೆತ್ತಿಯ ಮೇಲೆ ಚಿನ್ನದ ಬಣ್ಣದ ಗಣಪತಿ. ಕತ್ತರಿ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವಂತೆ ಬೆಳೆದ ಹುಡುಗಿಗೆ ದೇವರ ಮುಖವನ್ನು ಎರಡು ಮಾಡು ಎಂದರೆ ಹೇಗೆ? ಇನ್ನೊಂದು ಬೆಂಚಿನಲ್ಲಿ ಕಾಗದದ ತಿರುಳು ಮಾಡಲು ಉರ್ದು ಪತ್ರಿಕೆ ನೆನೆಹಾಕಿದ್ದಾರೆ. ಅದರಲ್ಲಿ ಅಲ್ಲಾಹನ ಹೆಸರು ಅಚ್ಚಾಗಿರಬಹುದೆಂದು ಹುಡುಗನೊಬ್ಬ ಕೈಹಾಕಲು ಹಿಂಜರಿಯುತ್ತಾನೆ. ಎರಡೂ ಒಂದೇ ಭಾವ. ನೆಲದ ಮೇಲೆ ದೇವಿಯ ಮುಖದ ರಂಗೋಲಿ ಹಾಕಿಸಿ ಸಂಜೆ ಗುಡಿಸುವಾಗ ಜವಾನನಿಗೂ ಇದೇ ಕಸಿವಿಸಿ.

ಪರಿಹಾರ ಸುಲಭ. ಕಾಗದ ತರಿಸಿದ ದಿನ ಮೊದಲ ಹತ್ತು ನಿಮಿಷ ವಿಂಗಡಣೆಗೆ ಕೊಡಿ. ದೇವರ ಪಟ, ದೇವರ ಹೆಸರು ಇರುವುದನ್ನು ಒಂದು ರಟ್ಟಿನ ಡಬ್ಬಿಗೆ ಹಾಕಿಸಿ ಮನೆಗೆ ವಾಪಸು ಕಳಿಸಿ. ಬಿಸ್ಕತ್ತಿನ ಕವರು, ಹಳೆಯ ನೋಟ್‌ಬುಕ್ಕಿನ ರಟ್ಟು, ಜಾಹೀರಾತಿನ ಹಾಳೆ ಇವೇ ಬೇಕಾದಷ್ಟಾಗುತ್ತವೆ.

11. ಅಂಕ ಪಾಠಕ್ಕೆ, ವಸ್ತುವಿಗಲ್ಲ

ಮೂರನೆಯ ಸೂತ್ರದಲ್ಲಿ ಬರೆದ ಆ ಒಂದು ಸಾಲನ್ನೇ ಇಲ್ಲಿಗೆ ತನ್ನಿ. ತಿರುವು ಬಂತೇ, ಸಮ್ಮಿತಿ ಕೂತಿತೇ, ನೆರಳು ಬೆಳಕಿನ ಎದುರು ಬದಿಗೆ ಬಿತ್ತೇ. ಗಣಪತಿಗೂ ಹೂಜಿಗೂ ಒಂದೇ ತಕ್ಕಡಿ. ಬಿಡಿಸಲೊಲ್ಲೆ ಎಂದವನಿಗೆ ಸೊನ್ನೆ ಹಾಕಿ ಪಾಠ ಕಲಿಸುತ್ತೇನೆ ಎಂದು ಹೊರಡಬೇಡಿ. ಎಲ್ಲರೆದುರು ನಿಲ್ಲಿಸಿ ಮೂದಲಿಸುವುದಂತೂ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನಿಷೇಧಿಸಿರುವ ಮಾನಸಿಕ ಕಿರುಕುಳಕ್ಕೆ ಹತ್ತಿರ ಹೋಗುತ್ತದೆ. ಹಾಗೆಂದು ನಂಬಿಕೆಯ ಹೆಸರಲ್ಲಿ ಖಾಲಿ ಹಾಳೆ ಕೊಟ್ಟವನಿಗೆ ಪಾಸು ಮಾಡುವುದೂ ಬೇಡ. ಬದಲಿ ಕೊಟ್ಟ ಮೇಲೆ ಕೆಲಸ ಆಗಲೇಬೇಕು.

ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ಕಟ್ಟಿಸುವವರು ಹಿಂದಿನ ಪ್ರಶ್ನ ಪತ್ರಿಕೆಗಳನ್ನು ಮನೆಗೆ ಕಳಿಸಿಕೊಡಿ. ಪರೀಕ್ಷಾ ಹಾಲಿನಲ್ಲಿ ಬದಲಿ ಕೊಡಲು ನೀವಿರುವುದಿಲ್ಲ. ಕಲಾ ಕಾಲೇಜಿನದಂತೂ ಬೇರೆಯೇ ಲೆಕ್ಕ: ಅಲ್ಲಿ ಮಾಡೆಲ್ ಕೂರಿಸಿ ಮನುಷ್ಯಾಕೃತಿ ಬಿಡಿಸುವುದು ಓದಿನ ಬೆನ್ನೆಲುಬು, ಸೇರುವವರು ವಯಸ್ಕರು. ಅದನ್ನು ಅಡ್ಮಿಷನ್ ದಿನವೇ ಹೇಳಬೇಕು.

12. ಹಾಳೆಯ ಮೂಲೆಯ ‘ಓಂ’ ಮತ್ತು ‘786’

ಇದು ತಿರುಗುಮುರುಗು. ಕೆಲವು ಮಕ್ಕಳು ಯಾವ ಚಿತ್ರ ಶುರು ಮಾಡಿದರೂ ಮೇಲೊಂದು ‘ಶ್ರೀ’, ‘ಓಂ’, ‘786’, ಪುಟ್ಟ ಶಿಲುಬೆ ಹಾಕಿಯೇ ಮುಂದುವರಿಯುವುದು. ತರಗತಿಯಲ್ಲಿ ತಂಟೆಗೆ ಹೋಗಬೇಡಿ. ಚಿತ್ರದ ಚೌಕಟ್ಟಿನ ಹೊರಗೆ, ಹಾಳೆಯ ಹಿಂಬದಿಗೆ ಹಾಕಿಕೋ ಎಂದರೆ ಸಾಕು. ಸಾರ್ವಜನಿಕ ಪರೀಕ್ಷೆಯ ಹಾಳೆಯಲ್ಲಿ ಮಾತ್ರ ಗುರುತಿನ ಚಿಹ್ನೆ ಕೂಡದೆಂದು ಮೊದಲೇ ಅಭ್ಯಾಸ ಮಾಡಿಸಿ.

13. ಅಪ್ಪ ಅಮ್ಮ ಬಂದರೆ ಕುರ್ಚಿ ಕೊಡಿ, ಹಾಳೆ ತೋರಿಸಿ

ಈಗಿನ ಆಕ್ಷೇಪ ಅರ್ಧ ಹುಟ್ಟುವುದೇ ವಾಟ್ಸ್ಯಾಪ್ ಗುಂಪಿನಲ್ಲಿ. ನೀವು ಹಾಕಿದ ಫೋಟೋ ಸಂಜೆಯೊಳಗೆ ಹತ್ತು ಕಡೆ ಹರಿದಾಡಿರುತ್ತದೆ. ಗುಂಪಿನಲ್ಲಿ ಉತ್ತರ ಕೊಡಬೇಡಿ. ಆ ಮನೆಗೇ ಫೋನ್ ಮಾಡಿ. ಬಂದಾಗ ಮಾತು ಹೀಗಿರಲಿ:

‘ನೋಡಿ ಸಾರ್, ನಮ್ಮಲ್ಲಿ ಈ ಮೂರ್ತಿಗೀರ್ತಿ ಎಲ್ಲ ಮಾಡೋದಿಲ್ಲ. ನಮ್ಮ ಹುಡುಗನ್ನ ಡ್ರಾಯಿಂಗ್‌ನಿಂದ ಬಿಟ್ಬಿಡಿ.’

‘ಮೂರ್ತಿ ಬೇಡ, ಒಪ್ಪಿದೆ. ಡ್ರಾಯಿಂಗ್ ಯಾಕಣ್ಣ ಬಿಡಿಸ್ತೀರಿ? ಇಲ್ನೋಡಿ, ನಿಮ್ಮ ಮಗನ ಕೈಯ ಗೆರೆ. ಇವನ ಕ್ಲಾಸಲ್ಲಿ ಇಷ್ಟು ನೇರ ಎಳೆಯೋರು ಇನ್ನೊಬ್ರಿಲ್ಲ.’

ನಕ್ಷತ್ರದ ಹಾಳೆಯನ್ನು ಆಗ ಕೈಗೆ ಕೊಡಿ. ಸುಳ್ಳು ಹೊಗಳಿಕೆ ಬೇಡ, ತಂದೆಯಾದವನಿಗೆ ಅದು ಕೂಡಲೇ ಗೊತ್ತಾಗುತ್ತದೆ. ಏನು ಬೇಡ, ಅದರ ಬದಲು ಏನು ಎಂಬುದನ್ನು ಎರಡು ಸಾಲು ಬರೆದು ಇಬ್ಬರೂ ರುಜು ಹಾಕಿ. ಒಂದು ಪ್ರತಿ ಹೆಡ್‌ಮಾಸ್ಟರಿಗೆ.

14. ಗೇಟಿನ ಹೊರಗಿನವರು ಬಂದರೆ ನೀವು ಮಾತಾಡಬೇಡಿ

ಮಗುವಿನ ಆಕ್ಷೇಪಕ್ಕೂ ಗುಂಪಿನ ಆಕ್ಷೇಪಕ್ಕೂ ಅಜಗಜಾಂತರ. 2007ರ ಮೇ ತಿಂಗಳಲ್ಲಿ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ವಿದ್ಯಾರ್ಥಿ ಚಂದ್ರಮೋಹನ್ ಪರೀಕ್ಷೆಯ ಮೌಲ್ಯಮಾಪನಕ್ಕೆಂದು ಇಟ್ಟಿದ್ದ ಕೃತಿಗಳನ್ನು ನೋಡಿ ಹೊರಗಿನವರು ನುಗ್ಗಿದರು. ಹಿಂದೂ, ಕ್ರೈಸ್ತ ಎರಡೂ ಧರ್ಮಗಳ ಭಾವನೆಗೆ ಧಕ್ಕೆ ಎಂಬ ದೂರು. ವಿದ್ಯಾರ್ಥಿಯ ಬಂಧನವಾಯಿತು, ವಿದ್ಯಾರ್ಥಿಗಳ ಪರ ನಿಂತ ಪ್ರಭಾರಿ ಡೀನ್ ಶಿವಾಜಿ ಪಣಿಕ್ಕರ್ ಅಮಾನತಾದರು. ಅದು ಸಾರ್ವಜನಿಕ ಪ್ರದರ್ಶನವೂ ಆಗಿರಲಿಲ್ಲ.

ನಿಮ್ಮ ಶಾಲೆಗೆ ಅಂಥವರು ಬಂದರೆ ಮಗುವಿನ ಹೆಸರು ಹೇಳಬೇಡಿ, ಹಾಳೆ ಕೈಗೆ ಕೊಡಬೇಡಿ, ಫೋಟೋ ತೆಗೆಯಲು ಬಿಡಬೇಡಿ. ‘ಹೆಡ್‌ಮಾಸ್ಟರ ಹತ್ರ ಮಾತಾಡಿ’ ಎಂಬ ಒಂದೇ ವಾಕ್ಯ. ಎಸ್‌ಡಿಎಂಸಿ ಅಧ್ಯಕ್ಷರಿಗೆ ಆ ದಿನವೇ ವಿಷಯ ತಿಳಿದಿರಲಿ, ಬಿಇಒ ಕಚೇರಿಗೆ ಬರವಣಿಗೆಯಲ್ಲಿ ಹೋಗಲಿ.

15. ಪ್ರದರ್ಶನದಲ್ಲಿ ಬದಲಿ ಚಿತ್ರಗಳಿಗೆ ಬೇರೆ ಗೋಡೆ ಬೇಡ

ವಾರ್ಷಿಕೋತ್ಸವಕ್ಕೆ ಚಿತ್ರ ತೂಗುಹಾಕುವಾಗ ವಸ್ತುವಿನ ಪ್ರಕಾರ ಅಲ್ಲ, ಪಾಠದ ಪ್ರಕಾರ ಜೋಡಿಸಿ. ‘ತಿರುವು ಗೆರೆ’ ಎಂಬ ಚೀಟಿಯ ಕೆಳಗೆ ಗಣಪತಿ, ಹೂಜಿ, ಕುಂಬಳಬಳ್ಳಿ ಒಟ್ಟಿಗೆ ಬರಲಿ. ಚೀಟಿಯಲ್ಲಿ ಮಗುವಿನ ಹೆಸರು, ತರಗತಿ, ಪಾಠ. ಯಾಕೆ ಇದನ್ನು ಆರಿಸಿತು ಎಂಬ ವಿವರಣೆ ಕೂಡದು. ಪ್ರದರ್ಶನ ಮುಗಿದ ಮೇಲೆ ಒಳ್ಳೆಯ ಹೂಜಿ, ನಕ್ಷತ್ರಗಳ ಹಾಳೆಗಳನ್ನು ಮಕ್ಕಳನ್ನು ಕೇಳಿ ಒಂದಷ್ಟು ಇಟ್ಟುಕೊಳ್ಳಿ. ಮುಂದಿನ ಜೂನಿನಲ್ಲಿ ಹೊಸ ಬ್ಯಾಚಿಗೆ ಮೂರು ಆಯ್ಕೆ ಕೊಡುವಾಗ ಹಲಗೆಗೆ ಅಂಟಿಸಲು ಬೇಕಾಗುತ್ತವೆ.